ಫ್ರೀ ಡೈನೋಸಾರ್ ಬಿಲ್ಲೆ: ಪ್ಯಾಕೆಟ್‌ನಲ್ಲಿ ಬರೋದು ಆಟಿಕೆ, ಹೋಗೋದು ಯಾರ ದುಡ್ಡು?

ಹತ್ತು ರೂಪಾಯಿ ಪ್ಯಾಕೆಟ್ ಒಡೆದ ಮಗು ಮೊದಲು ಹುಡುಕೋದು ತಿಂಡಿಯನ್ನಲ್ಲ, ಒಳಗೆ ಬಂದಿರೋ ಆಟಿಕೆಯನ್ನ. ಬಂದಿದ್ದು ಹೊಸದಾದ್ರೆ ಕುಣಿದಾಟ. ಮನೇಲಿ ಇರೋದೇ ಮತ್ತೆ ಬಂದ್ರೆ ಮುಖ ಬಾಡತ್ತೆ, "ಅಂಕಲ್, ಇನ್ನೊಂದು ಕೊಡಿ" ಅಂತ ಕೈ ಮತ್ತೆ ಗಲ್ಲಾಪೆಟ್ಟಿಗೆ ಕಡೆ ಚಾಚತ್ತೆ. ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿ ಆಗಲಿ, ಶಾಲೆ ಎದುರಿನ ಗೂಡಂಗಡಿ ಆಗಲಿ, ಈ ದೃಶ್ಯ ನೋಡದ ಅಂಗಡಿಯವರು ಇಲ್ಲ.

ಆ ಫ್ರೀ ವಸ್ತುಗಳ ಪೈಕಿ ತಲೆಮಾರು ಕಳೆದರೂ ಬೇಜಾರಾಗದ ಒಂದು ಪ್ರಾಣಿ ಇದೆ. ಅದೇ ಡೈನೋಸಾರ್. ಸ್ಟಾಂಪು, ಕಾರ್ಡು, ಬಿಲ್ಲೆ, ಪದಕ, ಪ್ಲಾಸ್ಟಿಕ್ ಗೊಂಬೆ, ಹೀಗೆ ನಾನಾ ರೂಪದಲ್ಲಿ ಸುಮಾರು 90 ವರ್ಷದಿಂದ ಈ ಪ್ರಾಣಿ ಬೇರೆಯವರ ಸರಕು ಮಾರಿಕೊಡ್ತಾ ಬಂದಿದೆ. ಇದು ಶುರುವಾಗಿದ್ದು ಹೇಗೆ? ಇದರಲ್ಲಿ ಲಾಭ ಯಾರಿಗೆ? ಮಕ್ಕಳು, ಪೋಷಕರು, ಅಂಗಡಿಯವರು ಎಲ್ಲಿ ಎಚ್ಚರ ವಹಿಸಬೇಕು? ಇಲ್ಲಿದೆ ವಿವರ.

ಟೋಕನ್ ಬೇರೆ, ಪದಕ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಟೋಕನ್ ಅಂದ್ರೆ ಕೊಟ್ಟು ಏನಾದ್ರೂ ಪಡೆಯೋ ಬಿಲ್ಲೆ. ಹೋಟೆಲಿನಲ್ಲಿ ಕಾಫಿಗೆ ಕೊಡೋ ಟೋಕನ್, ಜಾತ್ರೆಯಲ್ಲಿ ಆಟದ ಯಂತ್ರಕ್ಕೆ ಹಾಕೋ ಟೋಕನ್ ಇದಕ್ಕೆ ಉದಾಹರಣೆ. ಮೆಡಾಲಿಯನ್ ಅಂದ್ರೆ ನೆನಪಿಗೆ ಇಟ್ಟುಕೊಳ್ಳೋ ಪದಕ. ಅದನ್ನ ಕೊಟ್ಟರೆ ಏನೂ ಸಿಗಲ್ಲ, ಇಟ್ಟುಕೊಂಡರೆ ಖುಷಿ ಅಷ್ಟೆ. ಕಂಪನಿಗಳು ಪ್ರಚಾರಕ್ಕೆ ಹಂಚೋ ಬಿಲ್ಲೆಗಳು ಇವೆರಡರ ನಡುವೆ ಬರುತ್ತವೆ. ನೋಡೋಕೆ ನಾಣ್ಯದ ಹಾಗೆ ಇರ್ತವೆ, ಆದರೆ ನಾಣ್ಯ ಅಲ್ಲ.

ಇದೇ ಜಾತಿಗೆ ಸೇರಿದ ಇನ್ನೊಂದು ವಸ್ತು ಅಮೆರಿಕದ ಮ್ಯೂಸಿಯಂಗಳಲ್ಲಿ ಸಿಗತ್ತೆ. ಒಂದು ಸೆಂಟಿನ ನಾಣ್ಯವನ್ನ ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸಿದರೆ, ಕಬ್ಬಿನ ಗಾಣದಲ್ಲಿ ಸಿಕ್ಕಿದ ಹಾಗೆ ನಾಣ್ಯ ಚಪ್ಪಟೆಯಾಗಿ, ಉದ್ದವಾಗಿ, ಮೇಲೆ ಚಿತ್ರ ಮೂಡಿಸಿಕೊಂಡು ಹೊರಬರತ್ತೆ. 1893ರ ಶಿಕಾಗೋ ವಸ್ತುಪ್ರದರ್ಶನದ ಕಾಲದಿಂದಲೂ ಈ ಚಾಳಿ ಇದೆ. ನಮ್ಮಲ್ಲಿ ಇದನ್ನ ಮಾಡೋ ಹಾಗಿಲ್ಲ. 2011ರ ನಾಣ್ಯ ಕಾಯ್ದೆ ಪ್ರಕಾರ ಚಲಾವಣೆ ನಾಣ್ಯವನ್ನ ಕರಗಿಸೋದು, ಹಾಳು ಮಾಡೋದು ಅಪರಾಧ.

ಪೆಟ್ರೋಲ್ ಬಂಕಿಗೆ ಬಂದ ಡೈನೋಸಾರ್

ಡೈನೋಸಾರ್ ಹೆಸರಲ್ಲಿ ಫ್ರೀ ವಸ್ತು ಹಂಚೋದನ್ನ ಇಡೀ ದೇಶಕ್ಕೆ ಹಬ್ಬಿಸಿದ ಕಂಪನಿ ಅಂದ್ರೆ ಅಮೆರಿಕದ ಸಿನ್‌ಕ್ಲೇರ್ ಆಯಿಲ್. ಹ್ಯಾರಿ ಸಿನ್‌ಕ್ಲೇರ್ ಅನ್ನೋರು 1916ರಲ್ಲಿ ಕಟ್ಟಿದ ಎಣ್ಣೆ ಕಂಪನಿ ಇದು. ಎಂಜಿನ್ ಆಯಿಲ್ ಮಾರೋದು ಸುಲಭ ಅಲ್ಲ. ಎಲ್ಲರ ಡಬ್ಬದಲ್ಲೂ ಇರೋದು ಎಣ್ಣೆಯೇ. ಗಿರಾಕಿಗೆ ವ್ಯತ್ಯಾಸ ಕಾಣಲ್ಲ.

ಅದಕ್ಕೆ 1930ರಲ್ಲಿ ಕಂಪನಿ ಒಂದು ಉಪಾಯ ಮಾಡಿತು. 'ನಮ್ಮ ಎಣ್ಣೆ ತೆಗೆಯೋ ಕಚ್ಚಾ ತೈಲ ಬಹಳ ಹಳೇದು, ಡೈನೋಸಾರ್ ಓಡಾಡ್ತಿದ್ದ ಕಾಲಕ್ಕೇ ಭೂಮಿ ಒಳಗೆ ಹದವಾಗ್ತಾ ಇತ್ತು' ಅನ್ನೋ ಅರ್ಥದ ಜಾಹೀರಾತು ಶುರು ಮಾಡಿತು. ಬೇರೆ ಬೇರೆ ಡೈನೋಸಾರ್‌ಗಳನ್ನ ತೋರಿಸಿದರೂ ಜನರ ಮನಸ್ಸಿಗೆ ಹಿಡಿಸಿದ್ದು ಉದ್ದ ಕತ್ತಿನ, ಸೊಪ್ಪು ತಿನ್ನೋ, ಸಾಧು ಮುಖದ ಬ್ರಾಂಟೋಸಾರಸ್. 1932ರಲ್ಲಿ ಕಂಪನಿ ಅದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಆ ಹಸಿರು ಡೈನೋಸಾರ್‌ಗೆ 'ಡಿನೋ' ಅಂತ ಹೆಸರು ಬಂತು. ಈಗಲೂ ಅಮೆರಿಕದ ಸಿನ್‌ಕ್ಲೇರ್ ಬಂಕುಗಳ ಮುಂದೆ ಹಸಿರು ಡಿನೋ ಗೊಂಬೆ ನಿಂತಿರತ್ತೆ, ಮಕ್ಕಳು ಅದರ ಬೆನ್ನೇರಿ ಫೋಟೋ ತೆಗೆಸಿಕೊಳ್ತಾರೆ.

1933-34ರ ಶಿಕಾಗೋ ವಿಶ್ವ ಮೇಳದಲ್ಲಿ ಕಂಪನಿ ದೊಡ್ಡ ದೊಡ್ಡ ಡೈನೋಸಾರ್ ಮಾದರಿಗಳನ್ನ ನಿಲ್ಲಿಸಿತು. ಜನ ಮುಗಿಬಿದ್ದರು. ಆದರೆ ಅಸಲಿ ಚಾಲಾಕಿತನ ಕಂಡಿದ್ದು 1935ರಲ್ಲಿ. ಅವತ್ತು ಕಂಪನಿ ತಂದಿದ್ದು ಡೈನೋಸಾರ್ ಸ್ಟಾಂಪ್ ಆಲ್ಬಮ್. ಅಂಟಿಸಬೇಕಾದ ಬಣ್ಣದ ಸ್ಟಾಂಪು 24. ಅವು ಸಿಗ್ತಿದ್ದುದು ಸಿನ್‌ಕ್ಲೇರ್ ಬಂಕಿನಲ್ಲಿ ಮಾತ್ರ, ಅದೂ ಒಂದೇ ಸಲಕ್ಕೆ ಅಲ್ಲ, ವಾರ ವಾರ.

ಲೆಕ್ಕ ಅರ್ಥವಾಯ್ತಲ್ಲ? ಸ್ಟಾಂಪು ಬೇಕಾಗಿದ್ದು ಮಗುವಿಗೆ, ಕಾರು ಓಡಿಸೋದು ಅಪ್ಪ. ಎದುರಿಗೆ ಇನ್ನೊಂದು ಬಂಕ್ ಇದ್ದರೂ ಹಿಂದಿನ ಸೀಟಿನಿಂದ ಬರೋ ಹಠಕ್ಕೆ ಕಾರು ತಿರುಗ್ತಿದ್ದುದು ಡೈನೋಸಾರ್ ಇರೋ ಬಂಕಿನ ಕಡೆಗೇ. ರೇಡಿಯೋದಲ್ಲಿ ಒಂದೇ ಒಂದು ಸಲ ಪ್ರಕಟಣೆ ಕೊಟ್ಟಿದ್ದಕ್ಕೆ 48 ಗಂಟೆಯೊಳಗೆ ಮೊದಲ ದಾಸ್ತಾನು ಖಾಲಿಯಾಯ್ತು ಅಂತ ಕಂಪನಿಯ ಇತಿಹಾಸ ಹೇಳತ್ತೆ. ಒಟ್ಟು ಹಂಚಿದ್ದು 40 ಲಕ್ಷ ಆಲ್ಬಮ್, 4.8 ಕೋಟಿ ಸ್ಟಾಂಪು ಅನ್ನೋದೂ ಅವರದ್ದೇ ಲೆಕ್ಕ.

ಗಮನಿಸಿ, ಸ್ಟಾಂಪಿಗೆ ದುಡ್ಡಿಲ್ಲ. ಹಾಗಂತ ಕಂಪನಿ ದಾನ ಮಾಡಲಿಲ್ಲ. ಅದು ಕೊಂಡುಕೊಂಡಿದ್ದು ಗಿರಾಕಿಯ ಅಭ್ಯಾಸವನ್ನ. ವಾರಕ್ಕೊಮ್ಮೆ ಒಂದೇ ಕಡೆ ಹೋಗೋ ಕಾಲು ಆಮೇಲೆ ಅಭ್ಯಾಸಬಲದಿಂದ ಅಲ್ಲಿಗೇ ಹೋಗತ್ತೆ. ನಮ್ಮ ಕಡೆ ವರ್ಷದ ಮೊದಲಿಗೆ ಕ್ಯಾಲೆಂಡರ್ ಕೊಡೋ ಅಂಗಡಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಜಾಹೀರಾತಿನ ದುಡ್ಡಲ್ಲಿ ನಿಜವಾದ ಮೂಳೆ

ಕತೆಗೆ ಒಂದು ಒಳ್ಳೆ ಮಗ್ಗುಲೂ ಇದೆ. ಟಿ-ರೆಕ್ಸ್ ಮೂಳೆಗಳನ್ನ 1902ರಲ್ಲಿ ಹುಡುಕಿದ ಬಾರ್ನಮ್ ಬ್ರೌನ್ ಅನ್ನೋ ವಿಜ್ಞಾನಿಗೆ ಸಿನ್‌ಕ್ಲೇರ್ ಕಂಪನಿ ದುಡ್ಡು ಕೊಟ್ಟಿತು. 1934ರಲ್ಲಿ ವಯೋಮಿಂಗ್ ರಾಜ್ಯದ ಹೋವ್ ಕ್ವಾರಿಯಲ್ಲಿ ಬ್ರೌನ್ ತಂಡ ನಡೆಸಿದ ಉತ್ಖನನ ಇದೇ ದುಡ್ಡಿನದ್ದು. ಇದೇ ಬ್ರೌನ್ 1920ರ ದಶಕದಲ್ಲಿ ಭಾರತಕ್ಕೂ ಬಂದು ಶಿವಾಲಿಕ್ ಬೆಟ್ಟಗಳಲ್ಲಿ ಹಳೇ ಪ್ರಾಣಿಗಳ ಪಳೆಯುಳಿಕೆ ಸಂಗ್ರಹಿಸಿದ್ದರು.

1964-65ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಕಂಪನಿ 'ಡಿನೋಲ್ಯಾಂಡ್' ಕಟ್ಟಿತು. ಶಿಲ್ಪಿ ಲೂಯಿ ಪಾಲ್ ಜೋನಾಸ್ ಅವರ ಕಾರ್ಖಾನೆಯಲ್ಲಿ ತಯಾರಾದ 9 ಫೈಬರ್‌ಗ್ಲಾಸ್ ಡೈನೋಸಾರ್‌ಗಳು ನಿಜವಾದ ಅಳತೆಯಲ್ಲೇ ಇದ್ದವು. ಅವನ್ನ ಹಡ್ಸನ್ ನದಿಯಲ್ಲಿ ದೋಣಿ ಮೇಲೆ ಸಾಗಿಸಿದಾಗ ನೋಡೋಕೆ ದಡದ ತುಂಬ ಜನ. ಮೇಳದಲ್ಲಿ 'ಮೋಲ್ಡ್-ಎ-ರಾಮಾ' ಅನ್ನೋ ಯಂತ್ರ ಇತ್ತು. ಕಾಸು ಹಾಕಿದರೆ ಅಚ್ಚಿಗೆ ಬಿಸಿ ಪ್ಲಾಸ್ಟಿಕ್ ನುಗ್ಗಿ, ಸ್ವಲ್ಪ ಹೊತ್ತಿಗೆ ಒಂದು ಡೈನೋಸಾರ್ ಗೊಂಬೆ ಬೆಚ್ಚಗೆ ಕೈಗೆ ಬೀಳ್ತಿತ್ತು. ಕಣ್ಣೆದುರೇ ತಯಾರಾದ ಆ ಗೊಂಬೆಗಳನ್ನ ಹುಡುಕಿ ಹುಡುಕಿ ಕೂಡಿಡೋ ಸಂಗ್ರಾಹಕರು ಇವತ್ತಿಗೂ ಇದ್ದಾರೆ.

ಮೇಳ ಮುಗಿದ ಮೇಲೆ ಆ ದೊಡ್ಡ ಡೈನೋಸಾರ್‌ಗಳು ಊರೂರು ಸುತ್ತಿ ಬೇರೆ ಬೇರೆ ಕಡೆ ನೆಲೆ ನಿಂತವು. ಬ್ರಾಂಟೋಸಾರಸ್ ಮತ್ತು ಟಿ-ರೆಕ್ಸ್ ಟೆಕ್ಸಾಸ್‌ನ ಗ್ಲೆನ್ ರೋಸ್ ಬಳಿಯ ಡೈನೋಸಾರ್ ವ್ಯಾಲಿ ಪಾರ್ಕಿನಲ್ಲಿವೆ.

ಹಾಗಾದ್ರೆ ಪೆಟ್ರೋಲ್ ಡೈನೋಸಾರ್‌ನಿಂದ ಬರತ್ತಾ?

ಇಲ್ಲ. 'ಡೈನೋಸಾರ್ ಸತ್ತು ಪೆಟ್ರೋಲ್ ಆಯ್ತು' ಅಂತ ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು. ಕಚ್ಚಾ ತೈಲ ಹುಟ್ಟಿದ್ದು ಮುಖ್ಯವಾಗಿ ಹಿಂದಿನ ಸಮುದ್ರಗಳಲ್ಲಿದ್ದ ಪಾಚಿ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದ. ಅವು ಸತ್ತು ತಳ ಸೇರಿ, ಮೇಲೆ ಕೆಸರು ಕೂತು, ಕೋಟ್ಯಂತರ ವರ್ಷ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಎಣ್ಣೆಯಾದವು. ಕಲ್ಲಿದ್ದಲು ಆಗಿದ್ದು ಹೂತುಹೋದ ಗಿಡಮರಗಳಿಂದ.

ಜಾಹೀರಾತು ನೇರವಾಗಿ ಸುಳ್ಳು ಹೇಳಬೇಕು ಅಂತೇನಿಲ್ಲ. ಎಣ್ಣೆ ಡಬ್ಬದ ಪಕ್ಕ ಡೈನೋಸಾರ್ ನಿಲ್ಲಿಸಿದರೆ ಸಾಕು, ಉಳಿದದ್ದನ್ನ ನೋಡೋರ ತಲೆಯೇ ಸೇರಿಸಿಕೊಳ್ಳತ್ತೆ. ಒಂದು ಫ್ರೀ ಸ್ಟಾಂಪು ಮಕ್ಕಳಿಗೆ ಡೈನೋಸಾರ್ ಹೆಸರುಗಳನ್ನೂ ಕಲಿಸಿತು, ಇಂಥದೊಂದು ತಪ್ಪು ನಂಬಿಕೆಗೆ ನೀರನ್ನೂ ಎರೆಯಿತು.

ಟೀ ಪುಡಿಯಿಂದ ಚಿಪ್ಸ್ ತನಕ

ಎಣ್ಣೆ ಕಂಪನಿ ತೋರಿಸಿದ ದಾರಿಯಲ್ಲಿ ಬೇರೆಯವರೂ ನಡೆದರು. ನಮ್ಮ ಕಿರಾಣಿ ಅಂಗಡಿಗಳಲ್ಲಿ ರೆಡ್ ಲೇಬಲ್ ಪೊಟ್ಟಣದ ಮೇಲೆ ಇವತ್ತಿಗೂ ಕಾಣೋ ಹೆಸರು ಬ್ರೂಕ್ ಬಾಂಡ್. ಇದೇ ಬ್ರೂಕ್ ಬಾಂಡ್ ಇಂಗ್ಲೆಂಡಿನಲ್ಲಿ 1954ರಿಂದ ದಶಕಗಳ ಕಾಲ ಟೀ ಪೊಟ್ಟಣದ ಜೊತೆ ಚಿತ್ರದ ಕಾರ್ಡು ಕೊಡ್ತಿತ್ತು. ಹಕ್ಕಿ, ಹೂವು, ಕಾರು, ಹೀಗೆ ಒಂದೊಂದು ಸರಣಿಗೆ ಒಂದೊಂದು ವಿಷಯ. 1972ರಲ್ಲಿ ಬಂದಿದ್ದು ಇತಿಹಾಸಪೂರ್ವ ಪ್ರಾಣಿಗಳ ಸರಣಿ, ಒಟ್ಟು 50 ಕಾರ್ಡು. ಟೀ ಕುಡಿಯೋದು ದೊಡ್ಡವರು, ಆದರೆ ಯಾವ ಟೀ ತರಬೇಕು ಅಂತ ತೀರ್ಮಾನ ಮಾಡ್ತಿದ್ದುದು ಮಕ್ಕಳು.

1994ರಲ್ಲಿ ಮೆಕ್ಸಿಕೋದ ಚಿಪ್ಸ್ ಪ್ಯಾಕೆಟ್‌ಗಳಲ್ಲಿ 'ಟಾಜೋ' ಅನ್ನೋ ದುಂಡು ಬಿಲ್ಲೆ ಬಂತು, ಆಮೇಲೆ ಭಾರತಕ್ಕೂ ಬಂತು. ಇವತ್ತು 30 ದಾಟಿದ ಅನೇಕರಿಗೆ ಪೋಕೆಮಾನ್ ಟಾಜೋ ಜೇಬಲ್ಲಿಟ್ಟುಕೊಂಡು ಶಾಲೆಗೆ ಹೋಗಿದ್ದು ನೆನಪಿರತ್ತೆ. ಅದಕ್ಕೂ ಹಿಂದಿನವರು ಬೆಂಕಿಪೊಟ್ಟಣದ ಚಿತ್ರ, ಸೋಡಾ ಮುಚ್ಚಳ ಕೂಡಿಟ್ಟು ಆಡಿದವರು. ಆದರೆ ಎರಡಕ್ಕೂ ಒಂದು ವ್ಯತ್ಯಾಸ ಇದೆ. ಬೆಂಕಿಪೊಟ್ಟಣದ ಚಿತ್ರವನ್ನ ಕೂಡಿಡಿ ಅಂತ ಯಾರೂ ಹೇಳಿರಲಿಲ್ಲ, ಅದು ಮಕ್ಕಳೇ ಕಂಡುಕೊಂಡ ಆಟ. ಟಾಜೋ ಮಾತ್ರ ಕೂಡಿಡಲಿ ಅಂತಲೇ ಮಾಡಿದ್ದು.

ಕೊನೇ ಬಿಲ್ಲೆ ಯಾಕೆ ಸಿಗಲ್ಲ?

'ಎಲ್ಲಾ ಸಿಕ್ತು, ಒಂದೇ ಒಂದು ಸಿಗ್ತಿಲ್ಲ' ಅನ್ನೋದು ಬಿಲ್ಲೆ ಕೂಡಿಡೋ ಪ್ರತಿ ಮಗುವಿನ ಗೋಳು. ಇದು ಹಣೆಬರಹ ಅಲ್ಲ, ಲೆಕ್ಕ.

24 ಬಗೆಯ ಡೈನೋಸಾರ್ ಬಿಲ್ಲೆ ಇವೆ ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಅಚ್ಚು ಹಾಕಿದ್ದಾರೆ, ಯಾವ ಪ್ಯಾಕೆಟ್‌ನಲ್ಲಿ ಯಾವುದಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಮೊದಲ ಪ್ಯಾಕೆಟ್‌ನಲ್ಲಿ ಬರೋದು ಖಂಡಿತ ಹೊಸದೇ. ಎರಡನೇದೂ ಹೆಚ್ಚುಕಮ್ಮಿ ಹೊಸದೇ. ಅರ್ಧ ಸೆಟ್ಟು, ಅಂದ್ರೆ 12 ಬಗೆ ಸೇರಿಸೋಕೆ ಸರಾಸರಿ 16 ಪ್ಯಾಕೆಟ್ ಸಾಕು. ಆಗ ಮಗುವಿಗೆ 'ಇನ್ನೇನು, ಇನ್ನಷ್ಟೇ ತಗೊಂಡ್ರೆ ಮುಗೀತು' ಅನ್ಸತ್ತೆ.

ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಉಳಿದ ಅರ್ಧಕ್ಕೆ ಬೇಕಾಗೋದು ಸುಮಾರು 75 ಪ್ಯಾಕೆಟ್! ಕಾರಣ ಇಷ್ಟೆ: ಸೆಟ್ಟು ತುಂಬ್ತಾ ಹೋದಂಗೆ ಬರೋದೆಲ್ಲ ಇರೋದೇ ಆಗಿರತ್ತೆ. ಕಟ್ಟಕಡೆಯ ಒಂದು ಬಿಲ್ಲೆಗೇ ಸರಾಸರಿ 24 ಪ್ಯಾಕೆಟ್ ಒಡೆಯಬೇಕು. ಒಟ್ಟು ಸುಮಾರು 91 ಪ್ಯಾಕೆಟ್. ಹತ್ತು ರೂಪಾಯಿ ಪ್ಯಾಕೆಟ್ ಆದ್ರೆ ಒಂದು ಸೆಟ್ಟಿಗೆ 900 ರೂಪಾಯಿ ಮೇಲೆ. ಇದು ಸರಾಸರಿ ಮಾತ್ರ, ಅದೃಷ್ಟ ಕೆಟ್ಟ ಮಗುವಿಗೆ ಇನ್ನೂ ಹೆಚ್ಚಾಗತ್ತೆ. ಕಂಪನಿ ಯಾವುದಾದ್ರೂ ಒಂದು ಬಿಲ್ಲೆಯನ್ನ ಕಡಿಮೆ ಅಚ್ಚು ಹಾಕಿದ್ದರೆ ಲೆಕ್ಕ ಎಲ್ಲಿಗೋ ಹೋಗತ್ತೆ.

ಹೊಸ ಬಿಲ್ಲೆ ಬಂದಾಗ ಹೊಳೆಯೋ ಮಗುವಿನ ಮುಖ ನೋಡಿ ಎಷ್ಟೋ ಅಪ್ಪ-ಅಮ್ಮಂದಿರು ಇಲ್ಲ ಅನ್ನಲ್ಲ. ಆದರೆ ಕೂಲಿ ದುಡ್ಡಲ್ಲಿ ಮನೆ ನಡೆಸೋರಿಗೆ 900 ರೂಪಾಯಿ ಅಂದ್ರೆ ಸಣ್ಣ ಮಾತಲ್ಲ. ಇದಕ್ಕೆ ಪರಿಹಾರ ಮಕ್ಕಳಿಗೇ ಗೊತ್ತಿದೆ: ಅದಲು ಬದಲು. 'ನಿನ್ನ ಹತ್ರ ಎರಡಿರೋದು ನಂಗೆ ಕೊಡು, ನನ್ನ ಹತ್ರ ಎರಡಿರೋದು ನೀನು ತಗೋ.' ಒಂದು ಕ್ಲಾಸಿನ ಹತ್ತು ಮಕ್ಕಳು ಸೇರಿ ಬದಲಾಯಿಸಿಕೊಂಡರೆ ಪ್ರತಿಯೊಬ್ಬರ ಖರ್ಚೂ ಇಳಿಯತ್ತೆ. ಅಂಗಡಿ ಮುಂದೆ ಒಂದು ಬೆಂಚು ಹಾಕಿ ಬದಲಾಯಿಸಿಕೊಳ್ಳೋಕೆ ಜಾಗ ಕೊಟ್ಟ ಅಂಗಡಿಯವರಿಗೆ ಎರಡು ಪ್ಯಾಕೆಟ್ ವ್ಯಾಪಾರ ಕಡಿಮೆ ಆಗಬಹುದು, ಪೋಷಕರ ನಂಬಿಕೆ ಮಾತ್ರ ಉಳಿಯತ್ತೆ.

ಬಾಯಿಗೆ ಹೋದರೆ ಜೀವಕ್ಕೇ ಕುತ್ತು

ದುಡ್ಡಿನ ಮಾತು ಹಾಗಿರಲಿ, ಇದು ಅದಕ್ಕಿಂತ ದೊಡ್ಡದು. 2017ರ ನವೆಂಬರ್‌ನಲ್ಲಿ ಆಂಧ್ರದ ಏಲೂರಿನಲ್ಲಿ ತಿಂಡಿ ಪ್ಯಾಕೆಟ್ ಒಳಗಿದ್ದ ಪ್ಲಾಸ್ಟಿಕ್ ಆಟಿಕೆ ನುಂಗಿ 4 ವರ್ಷದ ಮಗು ಪ್ರಾಣ ಕಳೆದುಕೊಂಡಿತು. ಆ ಬಳಿಕ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಫ್ರೀ ಆಟಿಕೆಯನ್ನ ತಿಂಡಿಯಿಂದ ಬೇರೆಯಾಗಿ ಇಡಬೇಕು ಅಂತ ಕಂಪನಿಗಳಿಗೆ ಸೂಚಿಸಿತು.

ಅಮೆರಿಕದಲ್ಲಿ 1938ರ ಕಾನೂನಿನಿಂದಲೇ ಮಿಠಾಯಿ ಒಳಗೆ ತಿನ್ನಲಾರದ ವಸ್ತು ಹುದುಗಿಸೋದಕ್ಕೆ ನಿಷೇಧ ಇದೆ. ಚಾಕಲೇಟ್ ಮೊಟ್ಟೆ ಒಳಗೆ ಆಟಿಕೆ ಇರೋ ಕಿಂಡರ್ ಸರ್ಪ್ರೈಸ್ ಅಲ್ಲಿ ಮಾರೋ ಹಾಗಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗೋ ಕಿಂಡರ್ ಜಾಯ್‌ನಲ್ಲಿ ತಿನ್ನೋದು ಒಂದು ಅರ್ಧ, ಆಟಿಕೆ ಇನ್ನೊಂದು ಅರ್ಧ, ಎರಡೂ ಬೇರೆ ಬೇರೆ ಸೀಲ್. ಹಾಗಾಗಿ ಇದಕ್ಕೆ ಅಲ್ಲೂ ಅವಕಾಶ ಸಿಕ್ಕಿತು. ಪ್ಯಾಕೆಟ್ ಮೇಲೆ '3 ವರ್ಷದೊಳಗಿನವರಿಗೆ ಅಲ್ಲ' ಅನ್ನೋ ಗುರುತಿದ್ದರೆ ಅದನ್ನ ಅಲಂಕಾರ ಅಂದುಕೊಳ್ಳಬೇಡಿ. ಕಂಪನಿ ಹೆಸರಿಲ್ಲದ, ವಿಳಾಸ ಇಲ್ಲದ ಅಗ್ಗದ ಪ್ಯಾಕೆಟ್‌ಗಳಲ್ಲಿ ಆಟಿಕೆ ಕಾಳಿನ ಜೊತೆ ಸಡಿಲವಾಗಿ ಬಿದ್ದಿದ್ದರೆ ಅಂಥದ್ದನ್ನ ಅಂಗಡಿಯಲ್ಲಿ ಇಡದೇ ಇರೋದೇ ಒಳ್ಳೇದು.

ಅಂಗಡಿಯವರು ತಿಳಿದಿರಬೇಕಾದ ಕಾನೂನು

ಫ್ರೀ ಅಂತ ಹಾಕಿ ಕೊಡದೇ ಇದ್ದರೆ? ಅಥವಾ ಅದರ ಬೆಲೆಯನ್ನ ಸರಕಿನ ರೇಟಿಗೇ ಸೇರಿಸಿ 'ಉಚಿತ' ಅಂದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎರಡನ್ನೂ ಅನುಚಿತ ವ್ಯಾಪಾರ ಅನ್ನತ್ತೆ. ಕಂಪನಿ ಪ್ಯಾಕೆಟ್ ಜೊತೆ ಕಳಿಸಿದ ಫ್ರೀ ವಸ್ತುವನ್ನ ತೆಗೆದಿಟ್ಟು ಬೇರೆ ಮಾರೋ ಚಾಳಿಯೂ ಕೆಲವು ಕಡೆ ಇದೆ. ಗಿರಾಕಿ ಕೇಳೋ ಹಕ್ಕು ಇದೆ, ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನೊಂದು ವಿಚಾರ. ತಮ್ಮದೇ ಹೆಸರಿನ ಲೋಹದ ಬಿಲ್ಲೆ ಮಾಡಿಸಿ ಚಿಲ್ಲರೆ ಬದಲು ಕೊಡೋ ಯೋಚನೆ ಯಾರಿಗಾದ್ರೂ ಬಂದರೆ ಅಲ್ಲೇ ಬಿಟ್ಟುಬಿಡಿ. ಲೋಹದ ಟೋಕನ್ ಬಗ್ಗೆ 1889ರಲ್ಲೇ ಪ್ರತ್ಯೇಕ ಕಾಯ್ದೆ ಇತ್ತು, ಈಗ ಅದು 2011ರ ನಾಣ್ಯ ಕಾಯ್ದೆಯಲ್ಲಿ ಸೇರಿದೆ. ದುಡ್ಡಿನ ಹಾಗೆ ಬಳಸೋಕೆ ಲೋಹದ ಬಿಲ್ಲೆ ಮಾಡೋದು, ಹಂಚೋದು ತಪ್ಪು. ಗಿರಾಕಿಗೆ ನೆನಪಿನ ಕಾಣಿಕೆಯಾಗಿ ಪದಕ ಕೊಡೋದು ಬೇರೆ, ಐದು ರೂಪಾಯಿ ಬದಲು ಬಿಲ್ಲೆ ಕೊಡೋದು ಬೇರೆ.

ಹಳೇ ಬಿಲ್ಲೆಗೆ ಲಕ್ಷ ಸಿಗತ್ತಾ?

ಮೊಬೈಲಿನಲ್ಲಿ 'ಈ ಹಳೇ ನಾಣ್ಯ ಇದ್ದರೆ ನೀವೇ ಲಕ್ಷಾಧೀಶ್ವರ' ಅನ್ನೋ ವಿಡಿಯೋ ನೋಡದವರು ಕಮ್ಮಿ. ಪ್ರಚಾರದ ಬಿಲ್ಲೆಗಳ ಅಸಲಿ ಕತೆ ಏನಂದ್ರೆ, ಅವನ್ನ ಲಕ್ಷ ಕೋಟಿ ಲೆಕ್ಕದಲ್ಲಿ ಅಚ್ಚು ಹಾಕಿರ್ತಾರೆ. ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ. ಸಂಗ್ರಾಹಕರು ನೋಡೋದು ಮೂರು: ಸೆಟ್ಟು ಪೂರ್ತಿ ಇದೆಯಾ, ಸವೆಯದೆ ಗೀರಿಲ್ಲದೆ ಇದೆಯಾ, ಜೊತೆಗೆ ಬಂದ ಆಲ್ಬಮ್ ಅಥವಾ ಹೊದಿಕೆ ಉಳಿದಿದೆಯಾ. ಮಕ್ಕಳ ಕೈಗೆ ಸಿಕ್ಕ ವಸ್ತು ಹಾಗೇ ಉಳಿಯೋದು ಅಪರೂಪ, ಬೆಲೆ ಬರೋದು ಆ ಅಪರೂಪಕ್ಕೆ.

ಈ ಆಸೆಯನ್ನೇ ಬಂಡವಾಳ ಮಾಡಿಕೊಂಡ ವಂಚಕರಿದ್ದಾರೆ. ಹಳೇ ನಾಣ್ಯ, ನೋಟು ಕೊಳ್ತೀವಿ ಅಂತ ನಂಬಿಸಿ, ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಕಮಿಷನ್, ತೆರಿಗೆ ಅಂತ ಮುಂಗಡ ದುಡ್ಡು ಕೀಳ್ತಾರೆ. ಇದರ ಬಗ್ಗೆ 2021ರ ಆಗಸ್ಟ್‌ನಲ್ಲಿ ಆರ್‌ಬಿಐ ಖುದ್ದು ಎಚ್ಚರಿಕೆ ಕೊಟ್ಟಿದೆ. ಇಂಥ ವ್ಯವಹಾರಕ್ಕೂ ಆರ್‌ಬಿಐಗೂ ಸಂಬಂಧವೇ ಇಲ್ಲ. ಕೊಳ್ಳೋನು ದುಡ್ಡು ಕೊಡಬೇಕೇ ಹೊರತು ಮಾರೋನ ಹತ್ರ ಕೇಳಬಾರದು. ಕೇಳಿದ ಅಂದ್ರೆ ಮೋಸ ಅಂತಲೇ ತಿಳಿಯಿರಿ. ದುಡ್ಡು ಕಳ್ಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನೆನಪಿಡಿ

- ಬಿಲ್ಲೆಗೋಸ್ಕರ ತಿಂಡಿ ಕೊಡಿಸಬೇಡಿ. ಅರ್ಧ ಸೆಟ್ಟು ಆದ ಮೇಲೆ ಕೊಳ್ಳೋದು ನಿಲ್ಲಿಸಿ, ಬದಲಾಯಿಸಿಕೊಳ್ಳೋದು ಶುರು ಮಾಡಿಸಿ.
- ಪ್ಯಾಕೆಟ್ ನೀವೇ ಒಡೆದು, ಆಟಿಕೆ ಹೊರಗೆ ತೆಗೆದು, ಆಮೇಲೆ ಚಿಕ್ಕ ಮಕ್ಕಳ ಕೈಗೆ ತಿಂಡಿ ಕೊಡಿ.
- 'ಫ್ರೀ' ಅಂತ ಬರೆದಿದ್ದರೆ ಕೇಳಿ ತಗೊಳ್ಳಿ. ಅಂಗಡಿಯವರು ತೆಗೆದಿಡಬೇಡಿ.
- ಹಳೇ ಬಿಲ್ಲೆ, ನಾಣ್ಯ ಮಾರೋಕೆ ಮುಂಗಡ ದುಡ್ಡು ಕಟ್ಟಲೇಬೇಡಿ.

ನಮ್ಮ ಡೈನೋಸಾರ್ ಯಾವುದು?

ಪ್ಯಾಕೆಟ್‌ನಲ್ಲಿ ಟಿ-ರೆಕ್ಸ್ ಬಂದರೆ ಮಕ್ಕಳು ಥಟ್ಟನೆ ಹೆಸರು ಹೇಳ್ತಾರೆ. ಅದು ಅಮೆರಿಕದ್ದು. ಭಾರತದಲ್ಲಿ ಡೈನೋಸಾರ್ ಮೂಳೆ ಮೊದಲು ಸಿಕ್ಕಿದ್ದು 1828ರಲ್ಲಿ, ಮಧ್ಯಪ್ರದೇಶದ ಜಬಲ್ಪುರದಲ್ಲಿ. ಗುಜರಾತಿನ ಬಾಲಸಿನೋರ್ ಹತ್ತಿರದ ರೈಯೋಲಿಯಲ್ಲಿ ಸಿಕ್ಕ ಮಾಂಸಾಹಾರಿ ಡೈನೋಸಾರ್‌ಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಿಟ್ಟರು. ನರ್ಮದಾ ನದಿಯ ಹೆಸರೇ ಅದರಲ್ಲಿದೆ. ರೈಯೋಲಿಯಲ್ಲಿ 2019ರಿಂದ ಡೈನೋಸಾರ್ ಮ್ಯೂಸಿಯಂ ಕೂಡ ಇದೆ.

ಮುಂದಿನ ಸಲ ಮಗು ಬಿಲ್ಲೆ ಹಿಡಿದುಕೊಂಡು ಬಂದಾಗ ಇನ್ನೊಂದು ಪ್ಯಾಕೆಟ್ ಕೊಡಿಸೋ ಬದಲು ರಾಜಾಸಾರಸ್ ಕತೆ ಹೇಳಿ. ಅದಕ್ಕೆ ಹತ್ತು ರೂಪಾಯಿನೂ ಬೇಡ.